ಕಾಫಿ ತಕ್ಕಡಿಯ ಮೇಲೆ ನಾಲ್ಕು ಮೌಸ್‌ಗಳು

ಮೌಸ್ ತೂಗಲು ನಾನು ಬಳಸುವ ತಕ್ಕಡಿ ಕಾಫಿಗೆಂದು ಕೊಂಡದ್ದು. ಕುಶಾಲನಗರದ ಒಂದು ಸಂಸ್ಕರಣಾ ಘಟಕದಲ್ಲಿ ಕಾಫಿಯ ರುಚಿ ನೋಡುವುದು ನನ್ನ ಕೆಲಸ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ ಎಂಬ ಲೆಕ್ಕದಲ್ಲಿ ಬೆಳಗಿನಿಂದ ಬಟ್ಟಲು ಜೋಡಿಸುವವರಿಗೆ ಗ್ರಾಮಿನ ಹತ್ತನೇ ಒಂದು ಭಾಗದ ಮೇಲೂ ಕಣ್ಣಿರುತ್ತದೆ. ಬೆಂಗಳೂರಿನಲ್ಲಿರುವ ತಮ್ಮನಿಗೆ ಮೌಸ್ ಬದಲಿಸುವುದು ಒಂದು ಚಟ. ಊರಿಗೆ ಬಂದಾಗಲೆಲ್ಲ ಚೀಲದಿಂದ ಒಂದೊಂದನ್ನೇ ಹೊರತೆಗೆದು, “ಅಕ್ಕ, ಇದು 60 ಗ್ರಾಂ, ಇದು 54, ಇದು ನೋಡು, ಬರೀ 45” ಎಂದು ಸಾಲಾಗಿ ಇಡುತ್ತಾನೆ. ನಾನು ಅವನ ಮಾತು ಕೇಳುವುದಕ್ಕೆ ಮೊದಲು ತಕ್ಕಡಿ ತರುತ್ತೇನೆ. ಕಂಪನಿಗಳು ಈ ವಿಷಯದಲ್ಲಿ ಪ್ರಾಮಾಣಿಕವಾಗಿಯೇ ಇವೆ. ಡಬ್ಬಿಯ ಮೇಲಿನ ಅಂಕಿಗೂ ತಕ್ಕಡಿಯ ಅಂಕಿಗೂ ಹೆಚ್ಚೆಂದರೆ ಒಂದು ಗ್ರಾಮಿನ ಅಂತರ.

ಈ ಸಲದ ಸಾಲಿನಲ್ಲಿ ಇದ್ದವು ಲಾಜಿಟೆಕ್ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 2, ರೇಜರ್ ಡೆತ್‌ಆಡರ್ ವಿ3 ಪ್ರೊ, ರೇಜರ್ ವೈಪರ್ ವಿ3 ಪ್ರೊ ಮತ್ತು ಲಾಮ್ಜು ಮಾಯಾ. ನಾಲ್ಕನ್ನೂ ಅವನು ಇಲ್ಲಿಯೇ ಬಿಟ್ಟು ಹೋದ. ಮಡಿಕೇರಿಯ ಮನೆಯಲ್ಲಿ, ಮುಂಗಾರು ಶುರುವಾದಾಗಿನಿಂದ, ರಾತ್ರಿ ಊಟದ ನಂತರ ಕೌಂಟರ್-ಸ್ಟ್ರೈಕ್ 2 ಎಂಬ ಗುಂಡು ಹಾರಿಸುವ ಆಟ ಆಡುತ್ತ ಒಂದೊಂದನ್ನೂ ಬಳಸಿ ನೋಡಿದೆ. ಅಂತರ್ಜಾಲದಲ್ಲಿ ಇವುಗಳ ಬಗ್ಗೆ ಹೇಳುವವರೆಲ್ಲ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಹೇಳುತ್ತಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ಗೋಡೆಯೇ ಬೆವರುವ ಕೋಣೆಯಲ್ಲಿ, ಇವು ಹೇಗೆ ನಡೆದುಕೊಳ್ಳುತ್ತವೆ ಎಂದು ಹೇಳಿದವರನ್ನು ನಾನು ಕಂಡಿಲ್ಲ.

ಮೊದಲು ತೂಕದ ಮಾತು ಮುಗಿಸಿಬಿಡುತ್ತೇನೆ. ಹಗುರ ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಸೆಟ್ಟಿಂಗ್ ಹೇಳಿದರೆ ಸಾಕು. 800 ಡಿಪಿಐ (ಮೌಸ್ ಒಂದು ಅಂಗುಲ ಸರಿದರೆ ಕಂಪ್ಯೂಟರಿಗೆ ಹೋಗುವ ಎಣಿಕೆ), ಆ ಎಣಿಕೆಯನ್ನು ಆಟ ಗುಣಿಸುವ ಸೆನ್ಸಿಟಿವಿಟಿ 1. ಈ ಲೆಕ್ಕದಲ್ಲಿ ನಮ್ಮ ಆಟಗಾರ ಪೂರ್ತಿ ಒಂದು ಸುತ್ತು ತಿರುಗಬೇಕಾದರೆ ಮೌಸ್ ಪ್ಯಾಡಿನ ಮೇಲೆ ಸುಮಾರು 52 ಸೆಂಟಿಮೀಟರ್ ಸಾಗಬೇಕು. ನನ್ನ ಪ್ಯಾಡ್ ಅಷ್ಟು ಅಗಲವಿಲ್ಲ. ಎಳೆಯಬೇಕು, ಎತ್ತಬೇಕು, ಹಿಂದಕ್ಕೆ ತಂದಿಡಬೇಕು, ಮತ್ತೆ ಎಳೆಯಬೇಕು. ಒಂದು ಪಂದ್ಯದಲ್ಲಿ ಎಷ್ಟು ಸಲ ಎತ್ತಿಡುತ್ತೇವೆ ಎಂಬುದು ಗಮನಕ್ಕೇ ಬರುವುದಿಲ್ಲ, ಮಾರನೆಯ ಬೆಳಿಗ್ಗೆ ಮುಂಗೈ ನೆನಪಿಸುತ್ತದೆ. ಅಂದಹಾಗೆ, ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸುವ 32,000 ಡಿಪಿಐ, 35,000 ಡಿಪಿಐ ಎಂಬ ಅಂಕಿಗಳನ್ನು ಕಂಡು ಯಾರೂ ಮರುಳಾಗಬೇಕಿಲ್ಲ. ಅದೇ ಸೆನ್ಸಿಟಿವಿಟಿಯಲ್ಲಿ 32,000 ಇಟ್ಟರೆ ಪೂರ್ತಿ ಸುತ್ತು 1.3 ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಸೀನಿದರೂ ಆಟಗಾರ ಬೆನ್ನು ತಿರುಗಿಸಿ ನಿಲ್ಲುತ್ತಾನೆ.

ಹಾಗೆ ನೋಡಿದರೆ ಈ ತೂಕ ಇಳಿಸುವ ಓಟಕ್ಕೆ ಹೆಚ್ಚು ವಯಸ್ಸಾಗಿಲ್ಲ. 2016ರಲ್ಲಿ ಬಂದ ಲಾಜಿಟೆಕ್ ಜಿ900 ಆಗಿನ ತಂತಿರಹಿತ ಮೌಸ್‌ಗಳಲ್ಲಿ ಮೇಲ್ಮಟ್ಟದ್ದು. ಅದು 107 ಗ್ರಾಂ ಇತ್ತು. 2018ರ ಜಿ ಪ್ರೊ ವೈರ್‌ಲೆಸ್ 80 ಗ್ರಾಮಿಗೆ ಇಳಿಯಿತು. 2019ರಲ್ಲಿ ಗ್ಲೋರಿಯಸ್ ಮಾಡೆಲ್ ಓ ಮೈತುಂಬ ರಂಧ್ರ ಕೊರೆಸಿಕೊಂಡು 67 ಗ್ರಾಮಿನಲ್ಲಿ ಬಂತು, ಆದರೆ ಅದಕ್ಕೆ ತಂತಿ ಇತ್ತು. 2020ರ ಕೊನೆಗೆ ಬಂದ ಮೊದಲ ಸೂಪರ್‌ಲೈಟ್ ರಂಧ್ರವಿಲ್ಲದೆ, ತಂತಿಯಿಲ್ಲದೆ 63 ಗ್ರಾಮಿನೊಳಗೆ ನಿಂತಿತು. ಬಣ್ಣದ ದೀಪ ತೆಗೆದರು, ಬಲಬದಿಯ ಗುಂಡಿಗಳನ್ನು ತೆಗೆದರು, ಹೊದಿಕೆಯ ಗೋಡೆಯನ್ನು ತೆಳುವಾಗಿಸಿದರು. ಮೌಸಿನ ಚಲನೆಯನ್ನು ಓದುವ ಸೆನ್ಸರ್ ಕಡಿಮೆ ವಿದ್ಯುತ್ ಕುಡಿಯತೊಡಗಿದ್ದರಿಂದ ಬ್ಯಾಟರಿಯೂ ಚಿಕ್ಕದಾಯಿತು. 107ರಿಂದ 80ಕ್ಕೆ ಇಳಿದಾಗ ಕೈಗೆ ಗೊತ್ತಾಗುತ್ತಿತ್ತು. 80ರಿಂದ 63ಕ್ಕೆ ಇಳಿದಾಗಲೂ ಗೊತ್ತಾಯಿತು. ಈಗ ಸೂಪರ್‌ಲೈಟ್ 2ರ 60 ಗ್ರಾಮಿಗೂ ವೈಪರ್ ವಿ3 ಪ್ರೊದ 54 ಗ್ರಾಮಿಗೂ ನಡುವಿನ ಆರು ಗ್ರಾಂ? ಎರಡು ಕೈಯಲ್ಲಿ ಎರಡನ್ನು ಹಿಡಿದರೆ ತಿಳಿಯುತ್ತದೆ. ಆಟ ಶುರುವಾದ ಮೇಲೆ ನನಗಂತೂ ತಿಳಿಯಲಿಲ್ಲ.

ತಿಳಿದದ್ದು ಆಕಾರ. ಸೂಪರ್‌ಲೈಟ್ 2ರ ಅಳತೆ 125 ಮಿಲಿಮೀಟರ್ ಉದ್ದ, 63.5 ಅಗಲ, 40 ಎತ್ತರ. ವೈಪರ್ ವಿ3 ಪ್ರೊದ್ದು 127.1, 63.9, 39.9. ಕಾಗದದ ಮೇಲೆ ಇವೆರಡು ಅವಳಿಗಳು. ಅಂಗೈಯಲ್ಲಿ ಹಾಗಲ್ಲ. ಸೂಪರ್‌ಲೈಟ್‌ನ ಪಕ್ಕಗಳು ದುಂಡಾಗಿವೆ, ಬೆನ್ನು ಸಾವಕಾಶವಾಗಿ ಏರಿ ಸಾವಕಾಶವಾಗಿ ಇಳಿಯುತ್ತದೆ. ಯಾರ ಕೈಗೆ ಕೊಟ್ಟರೂ ‘ಸರಿಯಿದೆ’ ಎನ್ನುತ್ತಾರೆ, ‘ಆಹಾ’ ಎನ್ನುವವರು ಕಡಿಮೆ. ವೈಪರ್‌ನ ಪಕ್ಕದ ಗೋಡೆಗಳಲ್ಲಿ ಹೆಬ್ಬೆರಳು ಮತ್ತು ಉಂಗುರದ ಬೆರಳು ಕೂರುವ ಜಾಗ ಖಚಿತವಾಗಿದೆ. ನಾನು ಬೆರಳುಗಳನ್ನು ಮಡಚಿ, ಅಂಗೈಯ ಹಿಂಭಾಗವನ್ನಷ್ಟೇ ಮೌಸಿಗೆ ತಾಗಿಸಿ ಹಿಡಿಯುವವಳು. ಆ ಹಿಡಿತಕ್ಕೆ ವೈಪರ್ ಹೆಚ್ಚು ಒಗ್ಗಿತು. ಎತ್ತುವಾಗ ಜಾರುವುದಿಲ್ಲ. ಎತ್ತುವಾಗ ಜಾರದಿದ್ದರೆ ಕಡಿಮೆ ಬಿಗಿಯಾಗಿ ಹಿಡಿಯಬಹುದು. ಕಡಿಮೆ ಬಿಗಿ ಹಿಡಿದರೆ ಮುಂಗೈ ಸೋಲುವುದಿಲ್ಲ. ತೂಕ ಇಳಿಸಿ ಪಡೆಯಬೇಕೆಂದಿದ್ದ ಸುಖವನ್ನು ಇದು ಬೇರೆ ದಾರಿಯಿಂದ ತಂದುಕೊಟ್ಟಿತು.

ಡೆತ್‌ಆಡರ್ ವಿ3 ಪ್ರೊ ನನ್ನ ಕೈಯದಲ್ಲ. 68 ಮಿಲಿಮೀಟರ್ ಅಗಲ, 44 ಎತ್ತರ, ಬಲಗೈಗೆಂದೇ ಒಂದು ಬದಿಗೆ ಇಳಿಜಾರು ಮಾಡಿದ ಬೆನ್ನು. ನನ್ನ ಭಾವ ತೋಟದಲ್ಲಿ ಮರ ಕಪಾತು ಮಾಡಿಸಿ ಬಂದು, ಲೆಕ್ಕದ ಹಾಳೆ ತುಂಬಿಸಲು ಅದನ್ನು ಹಿಡಿದು ಕುಳಿತರು, ಆಮೇಲೆ ಬಿಡಲೇ ಇಲ್ಲ. ಅವರ ಅಂಗೈ ಪೂರ್ತಿ ಅದರ ಮೇಲೆ ಮಲಗುತ್ತದೆ. 63 ಗ್ರಾಂ ಇರುವ ದೊಡ್ಡ ಮೌಸ್ 54 ಗ್ರಾಮಿನ ಚಿಕ್ಕದಕ್ಕಿಂತ ಹಗುರವೆಂದು ಅವರು ವಾದಿಸುತ್ತಾರೆ, ನಾನು ತಕ್ಕಡಿ ತೋರಿಸಿದರೂ ಒಪ್ಪುವುದಿಲ್ಲ. ಅವರ ಕೈಗೆ ಅದು ನಿಜವೇ ಇರಬೇಕು.

ಮಾಯಾ 45 ಗ್ರಾಂ. ಮೇಲ್ಮೈಯಲ್ಲಿ ಒಂದು ರಂಧ್ರವೂ ಇಲ್ಲದೆ ಅಷ್ಟು ಇಳಿಸಿದ್ದಾರೆ ಎಂಬುದು ಮೆಚ್ಚತಕ್ಕ ಕೆಲಸ. ಮೊದಲ ಸಲ ಎತ್ತಿದಾಗ ಒಳಗೆ ಬ್ಯಾಟರಿ ಹಾಕಿದ್ದಾರೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಅಮ್ಮ ಅದನ್ನು ಮೇಜಿನಿಂದ ತೆಗೆದು ಪಕ್ಕಕ್ಕಿಡುತ್ತ, “ಇದು ಆಟಿಕೆಯೋ ನಿಜವಾದದ್ದೋ?” ಎಂದು ಕೇಳಿದರು. ಬೆರಳ ತುದಿಯಲ್ಲಿ ಹಿಡಿದು ಆಡುವವರಿಗೆ ಇದು ಹೇಳಿ ಮಾಡಿಸಿದ್ದು. ನನಗೆ ಬೇರೊಂದು ತೊಡಕು ಕಾಣಿಸಿತು: ಗುರಿಯ ಮೇಲೆ ನಿಲ್ಲಬೇಕಾದಾಗ ಮೌಸ್ ನಿಲ್ಲುವುದಿಲ್ಲ, ಕೈಯ ಸಣ್ಣ ನಡುಕವೆಲ್ಲ ಪರದೆಯ ಮೇಲೆ ಕಾಣುತ್ತದೆ. ಇದು ಮೌಸಿನ ದೋಷವಲ್ಲ. ಜುಲೈ ತಿಂಗಳ ಮಡಿಕೇರಿಯಲ್ಲಿ ರಾತ್ರಿ ಹನ್ನೊಂದಕ್ಕೆ ಯಾರ ಬೆರಳು ನಡುಗುವುದಿಲ್ಲ?

ಇನ್ನು ಮಳೆಯ ಮಾತಿಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಅಸಲು ಹೋಲಿಕೆ ಇರುವುದು ಇಲ್ಲಿಯೇ.

ಬಟ್ಟೆಯ ಮೌಸ್ ಪ್ಯಾಡ್ ಮಳೆಗಾಲದಲ್ಲಿ ಗೋದಾಮಿನಲ್ಲಿರುವ ಪಾರ್ಚ್‌ಮೆಂಟ್ ಕಾಫಿಯ (ಒಳಸಿಪ್ಪೆಯೊಡನೆ ಒಣಗಿಸಿದ ಬೀಜದ) ಹಾಗೆ ವರ್ತಿಸುತ್ತದೆ: ಎಷ್ಟೇ ಚೆನ್ನಾಗಿ ಒಣಗಿಸಿ ಇಟ್ಟರೂ ಗಾಳಿಯ ತೇವವನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ಫೆಬ್ರವರಿಯಲ್ಲಿ ಮೌಸ್ ಜಾರುತ್ತಿದ್ದ ಅದೇ ಪ್ಯಾಡ್ ಜೂನ್ ಕೊನೆಗೆ ಕೆಸರಾಗುತ್ತದೆ. ಮುಖ್ಯವಾಗಿ ಚಲನೆ ಶುರುಮಾಡುವ ಕ್ಷಣದಲ್ಲಿ ಅಂಟಿದಂತೆ ಹಿಡಿದು, ಆಮೇಲೆ ಒಮ್ಮೆಲೇ ಬಿಟ್ಟುಕೊಡುತ್ತದೆ. ಗುರಿ ಒಂದೆರಡು ಕೂದಲೆಳೆ ಆಚೆಗೆ ಹೋಗಿ ನಿಲ್ಲುತ್ತದೆ. ಮೂವತ್ತು ಕಿಲೋಮೀಟರ್ ಕೆಳಗಿನ ಕುಶಾಲನಗರದಲ್ಲಿ ಮಳೆ ಎಷ್ಟೋ ಕಡಿಮೆ. ಅಲ್ಲಿನ ಸಹೋದ್ಯೋಗಿಯ ಮನೆಯಲ್ಲಿ ಇದೇ ಪ್ಯಾಡ್, ಇದೇ ಮೌಸ್ ಬೇರೆಯದೇ ಸರಕಿನಂತೆ ಓಡಿದವು.

ಶಾಲೆಯಲ್ಲಿ ಕಲಿತದ್ದನ್ನೇ ನೆನಪಿಸಿಕೊಂಡರೆ ಆರು ಗ್ರಾಮಿನ ಜಗಳ ಇಲ್ಲಿ ಬಗೆಹರಿಯುತ್ತದೆ. ಘರ್ಷಣೆ ಎಂದರೆ ಮೇಲಿನಿಂದ ಒತ್ತುವ ಬಲವನ್ನು ಮೇಲ್ಮೈಯ ಗುಣಾಂಕದಿಂದ ಗುಣಿಸಿದ್ದು. ಒತ್ತುವ ಬಲದಲ್ಲಿ ಮೌಸಿನ ತೂಕ ಒಂದು ಪಾಲು ಮಾತ್ರ, ಉಳಿದದ್ದು ಅದರ ಮೇಲೆ ಊರಿದ ಕೈ. ಕೈ ಸ್ವಲ್ಪ ಬಿಗಿಯಾದರೆ ಆರು ಗ್ರಾಮಿನ ಉಳಿತಾಯ ಅದರಡಿ ಮಾಯವಾಗುತ್ತದೆ. ಗುಣಾಂಕ ಬದಲಾದರೆ ಹಾಗಲ್ಲ, ಇಡೀ ಲೆಕ್ಕವೇ ಬದಲಾಗುತ್ತದೆ. 54 ಗ್ರಾಮಿನ ಮೌಸನ್ನು ತೇವದ ಬಟ್ಟೆಯ ಮೇಲೆ ಓಡಿಸುವುದಕ್ಕಿಂತ 63 ಗ್ರಾಮಿನದನ್ನು ಒಣ ಮೇಲ್ಮೈಯಲ್ಲಿ ಓಡಿಸುವುದು ಸಲೀಸು. ತಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. “ಅಕ್ಕ, ನೀನು ಮಳೆಯನ್ನು ದೂರುತ್ತಿದ್ದೀಯ, ಮೌಸನ್ನಲ್ಲ” ಎಂದ. ಸರಿಯಾಗಿಯೇ ಹೇಳಿದ. ಆದರೆ ಇಲ್ಲಿ ಮಳೆ ಬಿಟ್ಟು ಬೇರೆ ಯಾವ ಕೋಣೆಯಲ್ಲಿ ಆಡಲಿ?

ಗಾಜಿನ ಪ್ಯಾಡ್ ತರಿಸಿದೆ. ಗಟ್ಟಿಗೊಳಿಸಿದ ಗಾಜು, ಮೇಲೆ ಕಣ್ಣಿಗೆ ಮಂಜಿನಂತೆ ಕಾಣುವ ಸಣ್ಣ ತರಿ. ಸೆನ್ಸರಿಗೆ ಆ ತರಿಯೇ ಆಧಾರ. ನಯವಾದ ಪಾರದರ್ಶಕ ಗಾಜಾಗಿದ್ದರೆ ಅದು ದಾರಿ ತಪ್ಪುತ್ತಿತ್ತು. ಬಟ್ಟೆಯ ಪ್ಯಾಡಿಗಿಂತ ಹಲವು ಪಟ್ಟು ದುಬಾರಿ. ಮೌಸಿನಡಿಯ ಟೆಫ್ಲಾನ್ ಪಾದಗಳು ಇದರ ಮೇಲೆ ಬೇಗ ಸವೆಯುತ್ತವೆ, ಒಂದು ಜೊತೆ ಬದಲಿ ಪಾದ ಮನೆಯಲ್ಲಿ ಇರಲೇಬೇಕು. ಓಡುವಾಗ ಸಣ್ಣಗೆ ಸರಸರ ಸದ್ದು. ಮಣಿಕಟ್ಟು ತಾಗಿದರೆ ಮಂಜುಗಡ್ಡೆ ತಾಗಿದಷ್ಟು ತಣ್ಣಗೆ, ಅದಕ್ಕೆ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಕೈಗೆ ಹಾಕಿಕೊಂಡಿದ್ದೇನೆ. ಆದರೆ ಬೆಳಿಗ್ಗೆ ಹೇಗಿತ್ತೋ ರಾತ್ರಿಯೂ ಹಾಗೆಯೇ, ಜೂನ್‌ನಲ್ಲಿ ಹೇಗಿತ್ತೋ ಆಗಸ್ಟ್‌ನಲ್ಲಿಯೂ ಹಾಗೆಯೇ. ಬಟ್ಟೆಯಿಂದ ಒರೆಸಿದರೆ ಹೊಸದು. ಈ ಒಂದು ವಸ್ತು ನನ್ನ ಆಟಕ್ಕೆ ಮಾಡಿದ ಉಪಕಾರವನ್ನು ನಾಲ್ಕು ಮೌಸ್‌ಗಳ ತೂಕದ ವ್ಯತ್ಯಾಸವೆಲ್ಲ ಸೇರಿಸಿದರೂ ಮಾಡಲಾರದು.

ತೇವದ ಎರಡನೆಯ ಬಲಿ ಸ್ವಿಚ್. ಹಿಂದೆ ನನ್ನಲ್ಲಿದ್ದ ಒಂದು ಮೌಸ್, ಕಂಪನಿಯ ಹೆಸರು ಬೇಡ, ಎರಡನೆಯ ಮಳೆಗಾಲದಲ್ಲಿ ಒಂದು ಕ್ಲಿಕ್ಕನ್ನು ಎರಡೆಂದು ಎಣಿಸತೊಡಗಿತು. ಕಡತವನ್ನು ಆಯ್ಕೆ ಮಾಡಲು ಹೋದರೆ ತೆರೆದುಕೊಳ್ಳುತ್ತಿತ್ತು, ಆಟದಲ್ಲಿ ಒಂದು ಗುಂಡಿನ ಜಾಗದಲ್ಲಿ ಎರಡು ಹಾರುತ್ತಿದ್ದವು. ಸಾಮಾನ್ಯ ಯಾಂತ್ರಿಕ ಸ್ವಿಚ್ಚಿನೊಳಗೆ ಲೋಹದ ಒಂದು ತೆಳು ಪಟ್ಟಿ ಬಾಗಿ ಇನ್ನೊಂದು ಲೋಹಕ್ಕೆ ತಾಗುತ್ತದೆ. ತಾಗುವಾಗ ಅದು ಒಮ್ಮೆಲೇ ನಿಲ್ಲುವುದಿಲ್ಲ, ಸೂಕ್ಷ್ಮವಾಗಿ ಪುಟಿಯುತ್ತದೆ. ಆ ಪುಟಿತವನ್ನು ಲೆಕ್ಕಕ್ಕೆ ಹಿಡಿಯದಿರಲು ಮೌಸ್ ಕೆಲವು ಮಿಲಿಸೆಕೆಂಡ್ ಕಾಯುತ್ತದೆ. ಲೋಹದ ಮೇಲೆ ಕಿಲುಬಿನ ತೆಳು ಪದರ ಕೂತರೆ ಸಂಪರ್ಕ ಬಿಟ್ಟುಬಿಟ್ಟು ಆಗುತ್ತದೆ, ಕಾಯುವ ಅವಧಿ ಸಾಲದೆ ಹೋಗುತ್ತದೆ. ಸಾಫ್ಟ್‌ವೇರಿನಲ್ಲಿ ಆ ಅವಧಿಯನ್ನು ಹೆಚ್ಚಿಸಿ ಇನ್ನಷ್ಟು ಕಾಲ ದೂಡಬಹುದು. ಆದರೆ ಮಿಲಿಸೆಕೆಂಡ್ ಉಳಿಸಲು ಹದಿನೈದು ಸಾವಿರ ಕೊಟ್ಟವರು ಅದೇ ಮಿಲಿಸೆಕೆಂಡನ್ನು ಮಳೆಗೆ ಕೊಡಬೇಕಾಗುತ್ತದೆ.

ರೇಜರ್‌ನ ಎರಡೂ ಮೌಸ್‌ಗಳಲ್ಲಿರುವುದು ಆಪ್ಟಿಕಲ್ ಸ್ವಿಚ್. ಒಳಗೆ ಒಂದು ಬೆಳಕಿನ ಕಿರಣ. ಗುಂಡಿ ಒತ್ತಿದಾಗ ಅದರ ದಾರಿ ಬದಲಾಗುತ್ತದೆ, ಕ್ಲಿಕ್ ದಾಖಲಾಗುತ್ತದೆ. ಸಂಕೇತ ಲೋಹದ ಸಂಪರ್ಕವನ್ನು ನೆಚ್ಚಿಕೊಂಡಿಲ್ಲದ ಕಾರಣ ಕಿಲುಬಿಗೆ ಅಲ್ಲಿ ಕೆಲಸವಿಲ್ಲ. ಸೂಪರ್‌ಲೈಟ್ 2ರಲ್ಲಿ ಎರಡರ ಮಿಶ್ರಣವಿದೆ: ಸಂಕೇತಕ್ಕೆ ಬೆಳಕು, ಬೆರಳಿಗೆ ತಿಳಿಯುವ ಟಕ್ ಎಂಬ ಅನುಭವಕ್ಕೆ ಲೋಹ. ಆ ಟಕ್ ಸ್ವಲ್ಪ ಜೋರು, ನಿದ್ದೆಯ ಮನೆಯಲ್ಲಿ ಪಕ್ಕದ ಕೋಣೆಗೂ ಕೇಳುತ್ತದೆ. ಮಾಯಾದಲ್ಲಿ ಯಾಂತ್ರಿಕ ಸ್ವಿಚ್. ಒತ್ತಲು ಬಹಳ ಹಿತ, ನಾಲ್ಕರಲ್ಲಿ ನನ್ನ ಬೆರಳಿಗೆ ಅದೇ ಇಷ್ಟವಾದದ್ದು. ಬೆಂಗಳೂರಿನಲ್ಲಿದ್ದರೆ ಎರಡನೆಯ ಯೋಚನೆ ಮಾಡುತ್ತಿರಲಿಲ್ಲ. ಇಲ್ಲಿ ಅದನ್ನು ರಾತ್ರಿ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ.

ರಂಧ್ರದ ಮೌಸ್ ನನ್ನಲ್ಲಿಯೂ ಒಂದಿತ್ತು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲುಗಳು ಏಳುತ್ತವಲ್ಲ, ದೀಪ ಆರಿಸಿ ಕೂತರೂ ಮಾನಿಟರಿನ ಬೆಳಕಿಗೆ ಮುತ್ತಿಕೊಳ್ಳುತ್ತವೆ. ಹುಳು ಬಿದ್ದು ಸತ್ತರೆ ಗುಡಿಸಬಹುದು, ಉದುರಿದ ರೆಕ್ಕೆಗಳು ಮಾತ್ರ ಜೇನುಗೂಡಿನಂಥ ಆ ಕಿಂಡಿಗಳಲ್ಲಿ ನೆಟ್ಟಗೆ ಇಳಿಯುತ್ತವೆ. ತೆಗೆಯಲು ಮೌಸ್ ಬಿಚ್ಚಬೇಕು. ಬಿಚ್ಚುವ ತಿರುಪುಗಳು ಪಾದಗಳ ಅಡಿಯಲ್ಲಿರುತ್ತವೆ, ಪಾದ ಕಿತ್ತರೆ ಅಂಟು ಹೋಗುತ್ತದೆ. ಚಿಮಟದಿಂದ ಸರ್ಕ್ಯೂಟ್ ಹಲಗೆಯ ಮೇಲಿನ ರೆಕ್ಕೆಗಳನ್ನು ಒಂದೊಂದಾಗಿ ಎತ್ತಿ ತೆಗೆದಾಗ ಕಂಡದ್ದು, ಹಲಗೆಯ ಅಂಚಿನಲ್ಲಿ ಬೂದು ಬಣ್ಣದ ಬೂಸಲು. ಕೊಡಗಿನಲ್ಲಿ ರಂಧ್ರದ ಮೌಸ್ ಕೊಳ್ಳುವವರಿಗೆ ನನ್ನ ಉತ್ತರ ಚಿಕ್ಕದು: ಬೇಡ. ಬಿಳಿಯ ಮೌಸ್ ಕೂಡ ಬೇಡ. ಕೊಡಗಿನ ಹಬ್ಬವಾದ ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ನೇರಳೆ ಪಾಯಸ ಉಂಡು ಬಂದ ಯಾರಾದರೂ ನೇರಳೆ ಬೆರಳಿನಲ್ಲಿ ಅದನ್ನು ಮುಟ್ಟಿಯೇ ಮುಟ್ಟುತ್ತಾರೆ.

ಬ್ಯಾಟರಿಯ ವಿಷಯ ಇಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ವಿದ್ಯುತ್ ಯಾವಾಗ ಬರುತ್ತದೆಂದು ಹೇಳಲಾಗದು. ಸೂಪರ್‌ಲೈಟ್ 2 ಮತ್ತು ವೈಪರ್ ಎರಡಕ್ಕೂ ಕಂಪನಿ ಹೇಳುವ ಅವಧಿ 95 ಗಂಟೆ, ಸೆಕೆಂಡಿಗೆ 1000 ಸಲ ಕಂಪ್ಯೂಟರಿಗೆ ವರದಿ ಕಳಿಸುವ ಸೆಟ್ಟಿಂಗ್‌ನಲ್ಲಿ. ವೈಪರ್ ಸೆಕೆಂಡಿಗೆ 8000 ಸಲವೂ ಕಳಿಸಬಲ್ಲದು, ಆಗ ಅದೇ ಬ್ಯಾಟರಿ 17 ಗಂಟೆಗೆ ಇಳಿಯುತ್ತದೆ. ಸಿಗುವುದೇನು? ಎರಡು ವರದಿಗಳ ನಡುವಿನ ಅಂತರ 1 ಮಿಲಿಸೆಕೆಂಡಿನಿಂದ 0.125ಕ್ಕೆ ಇಳಿಯುತ್ತದೆ. ನನ್ನ 144 ಹರ್ಟ್ಸ್ ಮಾನಿಟರ್ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗಲು ಸುಮಾರು 7 ಮಿಲಿಸೆಕೆಂಡ್ ತೆಗೆದುಕೊಳ್ಳುವಾಗ ಈ ಉಳಿತಾಯ ಯಾರ ಕಣ್ಣಿಗೆ? 1000ದಲ್ಲಿಯೇ ಇಟ್ಟಿದ್ದೇನೆ. ಚಾರ್ಜ್ ಮಾಡುವುದು ಭಾನುವಾರದ ಕೆಲಸ, ಉಳಿದ ದಿನ ಅದರ ನೆನಪೇ ಇರುವುದಿಲ್ಲ.

ತಂತಿರಹಿತ ಮೌಸ್ ಆಗಾಗ ತಡವರಿಸುತ್ತದೆ ಎನ್ನುವವರು ಮೊದಲು ಮೌಸಿನ ಸಂಕೇತ ಹಿಡಿಯುವ ಪುಟ್ಟ ರಿಸೀವರ್ ಎಲ್ಲಿದೆ ನೋಡಬೇಕು. ಕಂಪ್ಯೂಟರಿನ ಹಿಂದೆ ಯುಎಸ್‌ಬಿ 3.0 ಕಿಂಡಿಗಳ ನಡುವೆ ಸಿಕ್ಕಿಸಿದ್ದರೆ ಆ ಕಿಂಡಿಗಳು ಮೌಸ್ ಬಳಸುವ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿಯೇ ಗದ್ದಲ ಎಬ್ಬಿಸುತ್ತವೆ. ಇಂಟೆಲ್ 2012ರಲ್ಲಿಯೇ ಇದನ್ನು ಬರೆದು ಪ್ರಕಟಿಸಿದೆ. ಡಬ್ಬಿಯಲ್ಲಿ ಕೊಟ್ಟ ತಂತಿಯಿಂದ ರಿಸೀವರನ್ನು ಪ್ಯಾಡಿನ ಪಕ್ಕಕ್ಕೆ ತಂದಿಟ್ಟರೆ ಅರ್ಧ ದೂರುಗಳು ಮುಗಿಯುತ್ತವೆ. ಉಳಿದರ್ಧ ಇಂಟರ್ನೆಟ್ಟಿನವು, ಅವಕ್ಕೆ ಮೌಸ್ ಏನು ಮಾಡೀತು.

ಮೇಜಿನ ಮೇಲೆ ಉಳಿದದ್ದು ವೈಪರ್ ವಿ3 ಪ್ರೊ. ಸೂಪರ್‌ಲೈಟ್ 2 ಕಳಿಸಿಕೊಡು ಎಂದು ತಮ್ಮ ಹೇಳಿದ್ದಾನೆ, ಡೆತ್‌ಆಡರ್ ಭಾವನಿಂದ ವಾಪಸು ಬರುವ ಲಕ್ಷಣವಿಲ್ಲ. ಮಾಯಾ ಡಬ್ಬಿಯಲ್ಲಿದೆ, ಡಿಸೆಂಬರಿನಲ್ಲಿ ಹೊರತೆಗೆಯುತ್ತೇನೆ. ಆಗ ಗಾಳಿ ಒಣಗಿರುತ್ತದೆ, ಕಾಫಿ ಕೊಯ್ಲು ಶುರುವಾಗಿ ಆಡಲು ಸಮಯವಿರುವುದಿಲ್ಲ ಎಂಬುದು ಬೇರೆ ಮಾತು.

ಪಕ್ಕದ ಮನೆಯ ಪಿಯುಸಿ ಹುಡುಗ ಇದನ್ನೆಲ್ಲ ನೋಡಿ, “ಅಕ್ಕ, ನಾನು ಯಾವುದು ಕೊಳ್ಳಲಿ?” ಎಂದು ಕೇಳಿದ. ಅವನ ಬಳಿ ಲಾಜಿಟೆಕ್ ಜಿ304 ಇದೆ, ಬ್ಯಾಟರಿ ಸೇರಿ 99 ಗ್ರಾಂ. ಅದರಲ್ಲಿ ಸುಮಾರು 23 ಗ್ರಾಂ ಒಳಗಿನ ಡಬಲ್ ಎ ಸೆಲ್ಲಿನದೇ. ಆ ಜಾಗಕ್ಕೆ ಪ್ಲಾಸ್ಟಿಕ್ ಕೊಳವೆಯೊಳಗೆ ಕೂರಿಸಿದ ಟ್ರಿಪಲ್ ಎ ಸೆಲ್ ಹಾಕಿದೆವು. ತಕ್ಕಡಿ ತೊಂಬತ್ತರ ಹತ್ತಿರಕ್ಕೆ ಬಂತು. ಭಾರ ಹಿಂಭಾಗದಲ್ಲಿತ್ತಾದ್ದರಿಂದ ಅಂಕಿ ಹೇಳುವುದಕ್ಕಿಂತ ಹೆಚ್ಚು ಹಗುರವಾದಂತೆ ಅವನಿಗೆ ಅನ್ನಿಸಿತು. ಸೆಲ್ ಬೇಗ ಮುಗಿಯುತ್ತದೆ, ಅದಕ್ಕೆ ರೀಚಾರ್ಜ್ ಮಾಡುವ ಜೊತೆಯೊಂದನ್ನು ತರಿಸಿಕೊಂಡಿದ್ದಾನೆ. ಹದಿನೈದು ಸಾವಿರ ಉಳಿಯಿತಲ್ಲ, ಅದರಲ್ಲಿ ಗಾಜಿನ ಪ್ಯಾಡ್ ಕೊಡಿಸಿ ಎಂದು ಈಗ ಅವನ ಅಪ್ಪನ ಬೆನ್ನು ಹತ್ತಿದ್ದಾನೆ. ಅವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದಾರೆ.